ಚುಕ್ಕಿ ಎಷ್ಟು ಹಾಲು ಕೊಡುತ್ತಾಳೆ?

ಅಜ್ಜಂಪುರ
೧೧-೩-೨೦೨೫, ಮಂಗಳವಾರ

ಅವ್ವನಿಗೆ ಸ್ಪಂದನಾಳ ನಮಸ್ಕಾರಗಳು.

ದೇವನೂರಿನ ದುಷ್ಯಂತನ ಸಂಬಂಧ ಒಲ್ಲೆ ಎಂದ ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಎರಡು ತಿಂಗಳಾಯಿತು. ತಮ್ಮ ತೀರ್ಥೇಶ್ ಇವತ್ತು ಇಲ್ಲಿಗೆ ಬಂದಿದ್ದಾನೆ, ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಒಲೆಗೆ ಹಾಕುವುದಿದ್ದರೂ ಪೂರ್ತಿ ಓದಿ ಹಾಕು.

ಸುತ್ತಿಬಳಸುವುದಿಲ್ಲ. ನ್ಯೂಜಿಲೆಂಡಿನ ಒಂದು ಹಸುವಿನ ಫಾರ್ಮಿಗೆ ಅರ್ಜಿ ಹಾಕಿದ್ದೆ. ಮುನ್ನೂರು ಹಸುಗಳ ಮೇವು, ಆರೋಗ್ಯ ನೋಡಿಕೊಳ್ಳುವ ಕೆಲಸ. ನಿನ್ನೆ ಇಂಟರ್‌ವ್ಯೂ ಇತ್ತು. ಇಲ್ಲಿ ನಾನು ಕೆಲಸ ಮಾಡುವ ಹಸುವಿನ ಶೆಡ್ಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು, ತರೀಕೆರೆಗೆ ಹೋಗಿ ಗೆಳತಿ ಮಧುಶ್ರೀಯ ಲ್ಯಾಪ್‌ಟಾಪಿನ ಮುಂದೆ ಕೂತೆ. ಫಾರ್ಮಿನವರು ನನ್ನನ್ನು ಕರೆದದ್ದೇ ನಮ್ಮ ಚುಕ್ಕಿಯಿಂದ. ಮೇವು ಬದಲಾಯಿಸಿ ಮನೆಯ ಹಸುವಿನ ಹಾಲನ್ನು ದಿನಕ್ಕೆ ಹನ್ನೆರಡು ಲೀಟರಿನಿಂದ ಹದಿನೆಂಟಕ್ಕೆ ಏರಿಸಿದ್ದೇನೆ ಎಂದು ಅರ್ಜಿಯಲ್ಲಿ ಬರೆದಿದ್ದೆ.

ಅರ್ಧ ಗಂಟೆ ಎಲ್ಲ ಸರಿಯಾಗಿಯೇ ನಡೆಯಿತು. ಕೆಚ್ಚಲು ಬಾವು, ಕರುವಿನ ಆರೈಕೆ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಕೊನೆಗೆ ಫಾರ್ಮಿನ ಯಜಮಾನಿ ನಗುತ್ತಾ, ಈಗ ನಿಮ್ಮ ಹಸು ಎಷ್ಟು ಹಾಲು ಕೊಡುತ್ತಿದೆ ಎಂದು ಕೇಳಿದರು. ನನ್ನ ಬಾಯಿಗೆ ಏನು ಬಡಿದಿತ್ತೋ ಅವ್ವ, ಏನೋ ಎಂಟೋ ಹತ್ತೋ ಅಂದುಬಿಟ್ಟೆ!

ಹುಟ್ಟಿದಾಗಿನಿಂದ ಕಲಿತದ್ದು ಎಲ್ಲಿ ಹೋಗುತ್ತದೆ? “ಹಾಲಿನ ಅಳತೆ ಬಾಯ್ಬಿಟ್ಟು ಹೇಳ್ಬಾರ್ದು ಕಣೇ, ಕೆಚ್ಲಿಗೆ ಕಣ್ ಬೀಳ್ತದೆ” ಎಂದು ಹುಚ್ಚಮ್ಮಜ್ಜಿ ತಲೆಗೆ ಮೊಟಕಿ ಹೇಳಿಕೊಟ್ಟಿದ್ದಳು. ಪಕ್ಕದ ಮನೆಯ ಷಡಕ್ಷರಿಯ ಹೆಂಡತಿ ಕೇಳಿದಾಗಲೆಲ್ಲ ನೀನು “ಎಲ್ಲಿ ಹಾಲು ತಾಯಿ, ಕರುಗೇ ಸಾಲ್ದು” ಅನ್ನುತ್ತೀಯಲ್ಲ, ನಾನೂ ಅದನ್ನೇ ಮಾಡಿದೆ.

ಯಜಮಾನಿ ಕನ್ನಡಕ ತೆಗೆದಿಟ್ಟರು. ಅರ್ಜಿಯಲ್ಲಿ ಹದಿನೆಂಟು, ಬಾಯಲ್ಲಿ ಹತ್ತು, ಯಾವುದನ್ನು ನಂಬಲಿ ಎಂದರು. ಇಲ್ಲಿ ಒಂದು ಅಂಕಿ ತಪ್ಪಾದರೆ ಔಷಧಿ ತಪ್ಪುತ್ತದೆ, ಹಸು ಸಾಯುತ್ತದೆ ಎಂದರು. ದೃಷ್ಟಿಯ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಬೆವತುಹೋದೆ. ಅವರಿಗೆ ನಂಬಿಕೆ ಬರಲಿಲ್ಲ. ಕೊನೆಗೆ, ಹಾಲು ಕರೆಯುವವರನ್ನೇ ಕೇಳುತ್ತೇವೆ ಎಂದರು.

ಅಂದರೆ ನಿನ್ನನ್ನು. ಶುಕ್ರವಾರ ಬೆಳಿಗ್ಗೆ ಆರೂವರೆಗೆ ತೀರ್ಥೇಶನ ಫೋನಿಗೆ ವಿಡಿಯೋ ಕರೆ ಬರುತ್ತದೆ. ಅಲ್ಲಿ ಕೆಲಸಕ್ಕಿರುವ ಮೈಸೂರು ಕಡೆಯ ಹೆಂಗಸೊಬ್ಬರು ಕನ್ನಡದಲ್ಲಿ ಕೇಳುತ್ತಾರೆ. ನಾನು ಹತ್ತಿರ ಇರಕೂಡದಂತೆ. ಒಪ್ಪಿಗೆಯಾಗದಿದ್ದರೆ ಮರುದಿನವೇ ಬೇರೆಯವರಿಗೆ ಕೆಲಸ.

ನೀನು ಊರಿಗೆಲ್ಲ ಕಡಿಮೆ ಹೇಳಿದರೂ ನನಗೊಬ್ಬಳಿಗೆ ನಿಜ ಹೇಳುತ್ತಿದ್ದೆ. ಅದನ್ನೇ ಅವರಿಗೂ ಹೇಳು. ಹತ್ತು ಅಂದರೆ ನಾನು ಸುಳ್ಳುಗಾತಿಯಾಗುತ್ತೇನೆ. ಇಲ್ಲಿ ಐದು ವರ್ಷದಿಂದ ನಾನು ಹೇಳಿದಂತೆ ಮೇವು ಕಲೆಸುತ್ತಾರೆ, ಬಂದವರ ಮುಂದೆ ಮಾತ್ರ ನಾನು ಸಗಣಿ ಬಾಚುವವಳು. ನನಗೆ ಈ ಕೆಲಸ ಬೇಕು ಅವ್ವ. ನನ್ನನ್ನು ಇಲ್ಲೇ ಕಟ್ಟಿಹಾಕಲು ನಿನ್ನ ಒಂದು ಮಾತು ಸಾಕು ಎಂಬುದು ನಿನಗೂ ಗೊತ್ತು. ಅದಕ್ಕೇ ಭಯವಾಗುತ್ತಿದೆ.

ಇತಿ,
ನಿನ್ನ ಹಟಮಾರಿ ಮಗಳು
ಸ್ಪಂದನಾ


ಹಿರೇನಲ್ಲೂರು
೧೬-೩-೨೦೨೫, ಭಾನುವಾರ

ಚಿ. ಸ್ಪಂದನಾಳಿಗೆ ಅವ್ವನ ಆಶೀರ್ವಾದ.

ನಿನ್ನ ಕಾಗದ ಓದಿ ಹೊಟ್ಟೆ ಉರಿಯಿತು. ಹೆತ್ತವಳಿಗೆ ಹೇಳದೆ ಅರ್ಜಿ ಹಾಕುವಷ್ಟು ದೊಡ್ಡವಳಾದೆಯಾ? ಹತ್ತು ಎಂದೇ ಹೇಳಬೇಕೆಂದು ಗಟ್ಟಿ ಮಾಡಿಕೊಂಡೆ. ಮುಚ್ಚಿಡುವುದೇಕೆ? ಗುರುವಾರ ದಿನವಿಡೀ ಪಾತ್ರೆ ತಿಕ್ಕುವಾಗಲೂ ಹತ್ತು, ಹತ್ತು ಎಂದೇ ಅಂದುಕೊಳ್ಳುತ್ತಿದ್ದೆ.

ಶುಕ್ರವಾರ ಕೊಟ್ಟಿಗೆಯಲ್ಲಿ ತೀರ್ಥೇಶ ಫೋನ್ ಹಿಡಿದು ನಿಂತ. ಮೊದಲು ಹಸು ತೋರಿಸಿ ಅಂದರು. ನಿನ್ನ ಯಜಮಾನಿ ಚುಕ್ಕಿಯನ್ನು ಹಿಂದೆಮುಂದೆ ನೋಡಿ ಏನೋ ಅಂದಳು. ಮೈಸೂರಿನ ಹೆಂಗಸು, “ಮೈಯಲ್ಲಿ ಮಾಂಸ ಇಲ್ಲ, ಹತ್ತು ಲೀಟರ್ ಇರ್ಬಹುದು ಅಂತಾರಮ್ಮ” ಎಂದಳು. ನನ್ನ ಹತ್ತನ್ನು ಅವರೇ ಹೇಳಿದ್ದರು. ನಾನು ಹ್ಞೂಂ ಅಂದಿದ್ದರೆ ಮುಗಿಯುತ್ತಿತ್ತು. ತೀರ್ಥೇಶ ನನ್ನ ಮುಖವನ್ನೇ ನೋಡುತ್ತಿದ್ದ.

ಮೈ ಉರಿದುಹೋಯಿತು ಕಣೇ. ನೀನು ಚೀಟಿಯಲ್ಲಿ ಬರೆದು ಕಳಿಸಿದಂತೆ ಹಿಂಡಿ, ಹುಲ್ಲು, ಉಪ್ಪು ಅಳೆದು ಹಾಕಿ ಸಾಕಿದ ಹಸು ಅದು. “ಹತ್ತಂತೆ ಹತ್ತು! ಇಪ್ಪತ್ತೆರಡು ಕೊಡ್ತಾಳೆ ಕಣಮ್ಮ, ನನ್ ಮಗಳು ಹೇಳ್ದಂಗೆ ಸಾಕಿರೋ ಹಸ!” ಅಂದುಬಿಟ್ಟೆ.

ಆ ಕಡೆಯಿಂದ, ಅರ್ಜಿಯಲ್ಲಿ ಹದಿನೆಂಟು ಇದೆಯಲ್ಲ ಎಂದು ಕೇಳಿದರು. ಕೆಟ್ಟಿತು, ಮಗಳ ಬಾಯಿಗೆ ನಾನೇ ಮಣ್ಣು ಹಾಕಿದೆ ಅಂದುಕೊಂಡೆ. ಇನ್ನೇನು ಮಾಡಲಿ? ನಾಲ್ಕು ಲೀಟರ್ ಅವಳಿಗೂ ಹೇಳದೆ ಮುಚ್ಚಿಟ್ಟಿದ್ದೇನೆ, ಅವಳು ಬರೆದದ್ದು ನಾನು ಹೇಳಿದ ಸುಳ್ಳು ಎಂದೆ. “ನಂಬ್ಕೆ ಇಲ್ಲಾಂದ್ರೆ ಇರಿ, ಕರೆದು ತೋರಿಸ್ತೀನಿ” ಎಂದು ಕೂತೇಬಿಟ್ಟೆ.

ಮೂವತ್ತು ವರ್ಷದಿಂದ ಬಾಗಿಲಿಗೆ ಬೆನ್ನು ಹಾಕಿಯೇ ಹಾಲು ಕರೆದವಳು ನಾನು. ಅವತ್ತು ಕಂಡುಕೇಳದ ದೇಶದವರ ಕಣ್ಣೆದುರು ಕರೆದೆ. ಆ ಯಜಮಾನಿ ಕೊನೆಯವರೆಗೂ ನೋಡಿದಳು. ಅಳೆದು ತೋರಿಸಿದೆ, ಬೆಳಗಿನದೇ ಹನ್ನೆರಡು ಲೀಟರ್ ಆಯಿತು, ಸಂಜೆಯ ಹತ್ತು ಬೇರೆ.

ನಿನಗೇಕೆ ಮುಚ್ಚಿಟ್ಟೆ ಎಂದು ಕೋಪಿಸಿಕೊಳ್ಳಬೇಡ. ಮನೆಯವರ ಕಣ್ಣೂ ಕಣ್ಣೇ. ಹಬ್ಬ ಮುಗಿಸಿ ಹೊರಟಾಗಲೆಲ್ಲ ಡಬ್ಬಿ ತುಂಬ ತುಪ್ಪ ಒಯ್ಯುತ್ತಿದ್ದೆಯಲ್ಲ, ಅದೆಲ್ಲಿಂದ ಬರುತ್ತದೆ ಎಂದು ಒಂದು ದಿನವಾದರೂ ಕೇಳಿದ್ದೀಯಾ?

ಕೆಲಸ ಕೊಟ್ಟರಂತೆ. ನಿನ್ನೆ ನೀನು ತೀರ್ಥೇಶನ ಫೋನಿನಲ್ಲಿ ಅತ್ತದ್ದು ನನಗೂ ಕೇಳಿಸಿತು. ಅವನು ಫೋನ್ ನನ್ನ ಕೈಗೆ ಕೊಡಲು ಬಂದ, ನಾನು ಹಿತ್ತಲಿಗೆ ಹೋದೆ. ಮಾತಾಡಿದ್ದರೆ ನಾನೂ ಅಳುತ್ತಿದ್ದೆ. ಯುಗಾದಿಗೆ ಬಾ.

ಇತಿ,
ನಿನ್ನ ಅವ್ವ

ತಾ.ಕ.: ನಿನಗೆ ಕೆಲಸ ಸಿಗಲಿಲ್ಲ, ಅವರು ಬೇಡ ಅಂದರು ಎಂದು ಊರಿಗೆಲ್ಲ ಹೇಳಿದ್ದೇನೆ. ವಿಮಾನ ಹತ್ತುವವರೆಗೂ ಅದೇ ಮಾತು ಇರಲಿ. ಬಂದಾಗ ಷಡಕ್ಷರಿಯ ಹೆಂಡತಿ ಎದುರಾದರೆ ಸ್ವಲ್ಪ ಮುಖ ಸಪ್ಪಗೆ ಮಾಡಿಕೋ.