ಮಂಚದ ಸೈಟು ಈಗ ಫೋನಿನಲ್ಲಿ ತೆರೆಯುತ್ತದೆ

ಬಿ.ಸಿ. ರೋಡು
೯ ಫೆಬ್ರವರಿ ೨೦೨೫

ಮೂಡುಬಿದಿರೆಯಲ್ಲಿರುವ ನಮ್ಮವರಿಗೆ ಪ್ರೇಮಾವತಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನಿಮ್ಮ ಬೆನ್ನುನೋವು ಹೇಗುಂಟೆಂದು ನಿಮ್ಮ ತಂಗಿಯ ಹತ್ತಿರ ಆಗಾಗ ಕೇಳುತ್ತಿರುತ್ತೇನೆ. ನಿಮಗೆ ಹೇಳಬಾರದು ಎಂದು ಅವಳಿಗೆ ಹೇಳಿದ್ದೆ, ಈಗ ನಾನೇ ಹೇಳಿಬಿಟ್ಟೆ. ಫೋನ್ ಬಿಟ್ಟು ಪತ್ರ ಯಾಕೆ ಎನ್ನಬೇಡಿ. ನೀವು ಮನೆ ಬಿಟ್ಟು ಹೋದ ಮೇಲೆ ಫೋನಿನಲ್ಲಿ ನಮ್ಮ ಮಾತು ಕರೆಂಟ್ ಬಿಲ್ಲು ದಾಟಿ ಮುಂದೆ ಹೋದದ್ದುಂಟಾ?

ನಮ್ಮ ಬಾಡಿಗೆ ಮಂಚದ ವೆಬ್‌ಸೈಟಿನ ವಿಷಯ ಹೇಳಬೇಕಿತ್ತು. ಅತ್ತೆ ತೀರಿಹೋದ ಮೇಲೆ ಅವರ ಆಸ್ಪತ್ರೆ ಮಂಚವನ್ನು ನೆರೆಮನೆಯವರಿಗೆ ಕೊಟ್ಟೆವಲ್ಲ, ಅಲ್ಲಿಂದ ಶುರುವಾದ ಕೆಲಸ ಇದು. ಆಮೇಲೆ ಇನ್ನೊಂದು ಮಂಚ, ವೀಲ್‌ಚೇರು, ವಾಕರ್ ಎಂದು ಸೇರಿಸುತ್ತ ಹೋದದ್ದು ನಾವಿಬ್ಬರೂ. ಸೈಟ್ ಮಾತ್ರ ನಿಮ್ಮೊಬ್ಬರದ್ದೇ. ಕಂಪ್ಯೂಟರಿನ ಎದುರು ಕೂತರೆ ಚಹಾ ತಣ್ಣಗಾದದ್ದೂ ನಿಮಗೆ ತಿಳಿಯುತ್ತಿರಲಿಲ್ಲ. ಎಷ್ಟು ಚಂದ ಮಾಡಿದ್ದಿರಿ!

ನವೆಂಬರಿನಲ್ಲಿ ಫರಂಗಿಪೇಟೆಯ ಇಮ್ತಿಯಾಝ್ ಎಂಬವರು ಮಂಚ ಕೇಳಿಕೊಂಡು ಬಂದರು. ಅವರ ತಾಯಿ ಐಸಮ್ಮನವರು ಬಿದ್ದು ಸೊಂಟ ಮುರಿದಿತ್ತು. ಹಿಂದಿನ ದಿನವೇ ಆಸ್ಪತ್ರೆಯಿಂದ ಬಿಟ್ಟಿದ್ದರಂತೆ. "ಅಕ್ಕಾ, ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು ಮೊಬೈಲಿನಲ್ಲಿ ಹುಡುಕಿದೆ. ಎಷ್ಟೋ ಕೆಳಗೆ ಹೋದ ಮೇಲೆ ನಿಮ್ಮದು ಸಿಕ್ಕಿತು. ಸಿಕ್ಕಿದರೂ ಅಕ್ಷರ ಇರುವೆ ಹಾಗೆ. ನಂಬರ್ ಫೋಟೋದ ಒಳಗೆ ಉಂಟು, ಒತ್ತಲಿಕ್ಕೇ ಆಗುವುದಿಲ್ಲ" ಎಂದರು. ಕೊನೆಗೆ ಮದ್ದಿನ ಅಂಗಡಿಯಲ್ಲಿ ವಿಳಾಸ ಕೇಳಿ ಬಂದದ್ದು. ಅಷ್ಟರವರೆಗೆ ಆ ತಾಯಿ ಚಾಪೆಯ ಮೇಲೆ ಮಲಗಿದ್ದರು. ಇಮ್ತಿಯಾಝ್ ಬೈಯಲಿಲ್ಲ, ಸುಮ್ಮನೆ ಹೇಳಿದರು. ಅವತ್ತು ನನಗೆ ಊಟ ಸೇರಲಿಲ್ಲ.

ಕಲ್ಲಡ್ಕದಲ್ಲಿ ವಿಸ್ಮಿತಾ ಎಂಬವಳು ಅಂಗಡಿ, ಹೋಟೆಲುಗಳಿಗೆಲ್ಲ ಸೈಟ್ ಮಾಡಿಕೊಡುತ್ತಾಳೆ. ಅವಳ ಹತ್ತಿರ ಹೋದೆ. ನೋಡಿ ನಕ್ಕಳು. "ಈಗ ಯಾರು ಅಕ್ಕ ಕಂಪ್ಯೂಟರ್ ತೆರೆದು ಮಂಚ ಹುಡುಕ್ತಾರೆ? ಗೂಗಲ್ ಸಹ ಫೋನಿನಲ್ಲಿ ಹೇಗೆ ಕಾಣ್ತದೆ ಅಂತ ನೋಡಿಯೇ ಮೇಲೆ ಹಾಕುವುದು, ಕೆಳಗೆ ಹಾಕುವುದು. ಸರಿ ಮಾಡುವ" ಎಂದಳು.

ಆದರೆ ಒಳಗೆ ಹೋಗಲಿಕ್ಕೆ ಪಾಸ್‌ವರ್ಡ್ ಇಲ್ಲ. ಓಟಿಪಿ ಬರುವುದು ನಿಮ್ಮ ಫೋನಿಗೆ. ಅವಳು ನಿಮಗೆ ಕಾಲ್ ಮಾಡಿದಾಗ ನಾನು ಅಲ್ಲೇ ಕೂತಿದ್ದೆ. ಸ್ಪೀಕರ್ ಹಾಕಿದ್ದಳು. ನಿಮಗೆ ಅದು ಗೊತ್ತಿಲ್ಲ. "ಯಾವ ಸೈಟ್?" ಎಂದು ಗಡುಸಾಗಿ ಕೇಳಿದಿರಿ. "ಬಿ.ಸಿ. ರೋಡಿನ ಮಂಚದ್ದು" ಎಂದಳು. ನಿಮ್ಮ ಸ್ವರ ಮೆತ್ತಗಾಯಿತು. ಆಮೇಲೆ ನಿಧಾನವಾಗಿ ಅಂಕೆಗಳನ್ನು ಓದಿದಿರಿ. ಅಷ್ಟಕ್ಕೇ ಬಿಡಲಿಲ್ಲ. "ಮೇಲಿರುವ ಫೋಟೋ ಭಾರ ಉಂಟು. ಅದರಿಂದಲೇ ಫೋನಿನಲ್ಲಿ ತೆರೆಯಲಿಕ್ಕೆ ತಡ. ಅದನ್ನು ತೆಗೆದುಬಿಡಿ" ಎಂದಿರಿ.

ಹಾಗಾದರೆ ನೀವು ಅಲ್ಲಿ ಕೂತು ನಮ್ಮ ಸೈಟ್ ನೋಡುತ್ತಿದ್ದಿರಾ? ಸೈಟಿನ ಹೆಸರು ಕೈತಪ್ಪಿ ಹೋಗದ ಹಾಗೆ ವರ್ಷ ವರ್ಷವೂ ನವೀಕರಿಸುತ್ತ ಬಂದದ್ದೂ ನೀವೇ ಎಂದು ವಿಸ್ಮಿತಾ ಆಮೇಲೆ ಹೇಳಿದಳು. ಮನೆಗೆ ಹೊರಟೆ. ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿದ್ದು ಒಳ್ಳೆಯದಾಯಿತು, ಮುಖ ಹೊರಗೆ ತಿರುಗಿಸಿ ಕೂತೆ.

ನೀವು ಹೇಳಿದ ಫೋಟೋವನ್ನು ಸೈಟಿನಿಂದ ತೆಗೆಸಲಿಲ್ಲ. ಅತ್ತೆ ಮಂಚದಲ್ಲಿ ದಿಂಬಿಗೆ ಒರಗಿ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿರುವ ಫೋಟೋ ಅದು. ನೀವೇ ತೆಗೆದದ್ದು. ವಿಸ್ಮಿತಾ ಅದನ್ನು ಹಗುರ ಮಾಡಿಕೊಟ್ಟಳು. ಮುಖ ಹಾಗೆಯೇ ಉಂಟು. ನೀವು ಬರೆದ ಉದ್ದದ ಬರಹವನ್ನು ಕೆಳಗೆ ಸರಿಸಿ, ನನ್ನ ನಂಬರನ್ನು ಮೇಲೆ ದೊಡ್ಡದಾಗಿ ಹಾಕಿದ್ದಾಳೆ. ಈಗ ಬಂಟ್ವಾಳದಲ್ಲಿ ನಿಂತು ಹುಡುಕಿದರೆ ನಮ್ಮದೇ ಮೊದಲು. ಬೆಳ್ತಂಗಡಿಯಿಂದಲೂ ಕಾಲ್ ಬರುತ್ತದೆ. ಐಸಮ್ಮನವರು ಈಗ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾರಂತೆ.

ನೀವು ಯಾಕೆ ಹೋದಿರೆಂದು ನನಗೆ ಗೊತ್ತಿಲ್ಲದ್ದಲ್ಲ. ಕೊಟ್ಟ ಮಂಚ ಹಿಂದೆ ಬರುವುದು ಹೆಚ್ಚಾಗಿ ಆ ಮನೆಯವರು ಸತ್ತವರ ಬೊಜ್ಜ ಮುಗಿಸಿದ ಮೇಲೆ. ಅದನ್ನು ನಮ್ಮ ಜಗಲಿಯಲ್ಲಿ ಇಳಿಸುವಾಗೆಲ್ಲ ನೀವು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ. "ಸಾಕು ಪ್ರೇಮ, ನಿಲ್ಲಿಸುವ" ಎಂದಿರಿ. "ಹಾಗಾದರೆ ಬೇಕಾದವರು ಎಲ್ಲಿಗೆ ಹೋಗುವುದು?" ಎಂದೆ ನಾನು. ಇಬ್ಬರೂ ಹೇಳಿದ್ದು ಸರಿಯೇ ಇತ್ತು, ಅದೇ ಕಷ್ಟವಾದದ್ದು. ಹಿಂದೆ ಬಂದ ಮಂಚ ತೊಳೆಯುವಾಗ ನಾನೂ ಅಳುತ್ತೇನೆ, ಗೊತ್ತುಂಟಾ? ನೀರಿನ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ.

ಈಗ ಒಂದು ಮಾತು ಕೇಳುತ್ತೇನೆ. ಮೂಡುಬಿದಿರೆ, ಮಿಜಾರು ಕಡೆಯಿಂದ ವೀಲ್‌ಚೇರಿಗೆ ಕೇಳುತ್ತಾರೆ. ಹೆಚ್ಚಾಗಿ ಬೈಕಿನಿಂದ ಬಿದ್ದ ಕಾಲೇಜು ಮಕ್ಕಳು. ಇಲ್ಲಿಂದ ಕಳುಹಿಸುವುದು ಕಷ್ಟ. ಎರಡು ವೀಲ್‌ಚೇರು ನಿಮ್ಮ ಹತ್ತಿರ ಇಟ್ಟುಕೊಳ್ಳುತ್ತೀರಾ? ಮಂಚ ಬೇಡ, ಬರೀ ವೀಲ್‌ಚೇರು. ಕಾಲು ಮುರಿದವರು ಅದನ್ನು ಹಿಂದೆ ಕೊಡುವಾಗ ತಾವೇ ನಡೆದುಕೊಂಡು ಬರುತ್ತಾರೆ. ಕೆಲವರು ಮಿಠಾಯಿ ಸಹ ತರುತ್ತಾರೆ. ಅದನ್ನು ನೀವು ನೋಡಬೇಕೆಂದು ನನಗೆ ಆಸೆ.

ಒಪ್ಪಿದರೆ ಬರುವ ಭಾನುವಾರ ನಾನೇ ತರುತ್ತೇನೆ. ಊಟಕ್ಕೆ ನಿಲ್ಲುತ್ತೇನೆ.

ನಿಮ್ಮ
ಪ್ರೇಮ

ಮರೆತ ಮಾತು: ಮೊನ್ನೆ ಶುಕ್ರವಾರ ಸಂಜೆ ಒಂದು ಕಾಲ್ ಬಂತು. ನಾನು "ಹಲೋ" ಎನ್ನುವಷ್ಟರಲ್ಲಿ ಕಟ್ ಆಯಿತು. ನಿಮ್ಮ ನಂಬರ್ ನಾನು ಯಾವತ್ತೂ ಅಳಿಸಿಲ್ಲ ಮಾರಾಯ್ರೆ, ಹೆಸರು ಬರುತ್ತದೆ. ಸೈಟಿನಲ್ಲಿ ನಂಬರ್ ಒತ್ತಿದರೆ ಹೋಗುತ್ತದಾ ಎಂದು ಪರೀಕ್ಷೆ ಮಾಡಿದ್ದಿರಬೇಕು. ಹೋಗುತ್ತದೆ. ಆದರೂ ಇನ್ನೊಮ್ಮೆ ಮಾಡಿ ನೋಡಿ.