ಸಾಕ್ಷಿಯಾಗಿ ಹಿಡಿದಿಟ್ಟ ತಾಂಬೂಲದ ತಟ್ಟೆ

ಮಾನ್ಯ ಸರ್ಕಲ್ ಇನ್‌ಸ್ಪೆಕ್ಟರ್ ಅವರೇ,

ಕುನ್ನತ್ತೂರಿನ ನೇಕಾರರ ಬೀದಿಯಲ್ಲಿ ನಿಮ್ಮ ಮೋಟಾರನ್ನು ಅರ್ಧ ಗಳಿಗೆ ಕಾಯಿಸಿದ್ದಕ್ಕಾಗಿ ನನ್ನ ಗಂಡನ ಮೇಲೆ ಮೊಕದ್ದಮೆ ಹೂಡಿದ್ದೀರಿ. ಅದನ್ನು ಹಿಂತೆಗೆದುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಮೂರು ಅರ್ಜಿ ಬರೆದೆ. ಕಾನ್ವೆಂಟಿನಲ್ಲಿ ತಿದ್ದಿದ ಮುದ್ದಾದ ಕೈಬರಹ, ಆದರೂ ಉತ್ತರವಿಲ್ಲ. ಕೊಳ್ಳೇಗಾಲದಲ್ಲಿ ನಾಲ್ಕು ವರ್ಷ ಇದ್ದ ನಿಮಗೆ ಕನ್ನಡ ಬರುತ್ತದಂತೆ. ಆದ್ದರಿಂದ ಈಗ ನಮ್ಮ ಮನೆಮಾತಾದ ಕನ್ನಡದಲ್ಲಿ, ಎಲ್ಲರೂ ಓದುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಮದುವೆಯಾಗಿ ನಲವತ್ತು ದಿನ. ಗಂಡನ ಹೆಸರು ಹೇಳಲು ಇನ್ನೂ ನಾಚಿಕೆ. ನಿಮ್ಮ ಸಮನ್ಸಿನಲ್ಲಿದೆ, ನೋಡಿಕೊಳ್ಳಿ. ಈ ಮನೆಯಲ್ಲಿ ಹೊಸ ಸೊಸೆಯ ಮೊದಲ ಸೀರೆಯನ್ನು ಮನೆಯ ಮಗ್ಗದಲ್ಲೇ ನೇಯುತ್ತಾರೆ. ಅದರ ಪಾವನ್ನು, ಅಂದರೆ ಉದ್ದನೆಯ ಹಾಸುನೂಲನ್ನು, ಅಂದು ಬೆಳಗ್ಗೆ ಬೀದಿಯುದ್ದಕ್ಕೂ ಬಿಗಿದು ಗಂಜಿ ಹಚ್ಚಿದ್ದರು. ಮಾವಿನ ತಳಿರಿನ ಬಣ್ಣ! ಅಷ್ಟು ಚೆಲುವಾದದ್ದನ್ನು ನಾನು ಕಂಡೇ ಇರಲಿಲ್ಲ. ಆಗ ನಿಮ್ಮ ಹಾರನ್ ಕೂಗಿತು. ನನ್ನವರು ಕೈಮುಗಿದು, "ಐಯಾ, ಪಾವು ಇನ್ನೂ ಹಸಿ. ಈಗ ಎತ್ತಿದ್ರೆ ನೂಲೆಲ್ಲ ಅಂಟಿ ಹಗ್ಗ ಆಗೋಗುತ್ತೆ. ಕೊಂಚ ತಾಳಿ, ಇಲ್ಲಾಂದ್ರೆ ಗುಡಿ ಹಿಂದಿನ ದಾರಿ ಐತೆ" ಎಂದರು. ನಿಮ್ಮ ಕಾನ್‌ಸ್ಟೇಬಲ್‌ಗಳು ಪಾವನ್ನು ಕಿತ್ತು ಬದಿಗೆಸೆದರು. ಆ ಬೀದಿಯಲ್ಲಿ ಪಾವು ಒಣಗುವವರೆಗೆ ಮದುವೆಯ ಮೆರವಣಿಗೆ ಕಾದಿದೆ, ಹೆಣ ಹೊತ್ತವರೂ ಬಳಸಿಕೊಂಡು ಹೋಗಿದ್ದಾರೆ. ಅವಮಾನವಾದದ್ದು ನಿಮ್ಮ ಮೋಟಾರಿಗೆ ಮಾತ್ರವೇ?

ಇನ್ನು ನನ್ನ ಅತ್ತೆ ಪೆರಿಯನಾಯಕಿಯವರ ಮಹಾಪರಾಧ. ಪಾವಿನಿಂದ ಯಾರ ದಾರಿಗಾದರೂ ತಡೆಯಾದರೆ, ಆ ಮನೆಯವರು ಹೋಗಿ ವೀಳ್ಯ ಕೊಟ್ಟು ಬರುವುದು ಬೀದಿಯ ವಾಡಿಕೆ. ಗಾಡಿಯವನಿಗೂ ಕೊಡುತ್ತಾರೆ. ಮರುದಿನ ಅತ್ತೆ ನನ್ನ ಮದುವೆಯ ಹಿತ್ತಾಳೆ ತಟ್ಟೆಯಲ್ಲಿ ಐದು ಎಲೆ, ಎರಡು ಬಾಳೆಹಣ್ಣು ಇಟ್ಟುಕೊಂಡು ನಿಮ್ಮ ಠಾಣೆಗೆ ಬಂದರು. ನಾನೂ ಜೊತೆಗಿದ್ದೆ.

"ಏನಮ್ಮಾ, ಪೊಲೀಸಿಗೇ ಲಂಚವಾ?" ಎಂದ ನಿಮ್ಮ ರೈಟರ್.

"ಲಂಚ ಅಂದ್ರೆ ಮರೆಯಲ್ಲಿ ಕೊಡ್ತಾರಪ್ಪಾ. ನಾನು ಊರೆಲ್ಲ ನೋಡೋ ಹಂಗೆ ತಟ್ಟೇಲಿ ತಂದಿದೀನಿ."

ತಟ್ಟೆ ಜಪ್ತಿಯಾಯಿತು. ಮಗ ತಪ್ಪು ಮಾಡದಿದ್ದರೆ ತಾಯಿ ಹಣ್ಣೇಕೆ ತರುತ್ತಿದ್ದಳು ಎಂಬುದೇ ಈಗ ನನ್ನವರ ವಿರುದ್ಧ ನಿಮ್ಮ ದೊಡ್ಡ ಸಾಕ್ಷಿ. ಎರಡು ಬಾಳೆಹಣ್ಣಿಗೆ ಸರ್ಕಾರವನ್ನೇ ಕೊಳ್ಳಬಹುದೆಂದು ನನ್ನ ಕಾನ್ವೆಂಟಿನಲ್ಲಿ ಯಾರೂ ಕಲಿಸಿರಲಿಲ್ಲ, ಮಾನ್ಯರೇ.

ಅಂದಿನಿಂದ ಅತ್ತೆ ನಿಮ್ಮ ಠಾಣೆಗೆ ಏಳು ಸಲ ನಡೆದಿದ್ದಾರೆ. ಪ್ರತಿಸಲವೂ ನೀವು ಕ್ಯಾಂಪಿನಲ್ಲಿರುತ್ತೀರಿ. ಮನೆಗೆ ಮರಳಿದ ಮೇಲೆ ಅತ್ತೆ ಜಗಲಿಯಲ್ಲಿ ಕುಳಿತು ತಾವೇ ಕಾಲು ಒತ್ತಿಕೊಳ್ಳುತ್ತಾರೆ. ನಾನು ಹತ್ತಿರ ಹೋದರೆ ಬೇಡ ಎನ್ನುತ್ತಾರೆ. ಪೀಳಮೇಡಿನ ಒಂದು ಶಾಲೆಯಲ್ಲಿ ನನ್ನವರಿಗೆ ಉಪಾಧ್ಯಾಯರ ಕೆಲಸ ಸಿಕ್ಕಿದೆ. ಕೋರ್ಟಿನಲ್ಲಿ ಅಪರಾಧಿ ಎನಿಸಿಕೊಂಡವರು ಬರಬೇಕಾಗಿಲ್ಲ ಎಂದು ಶಾಲೆಯವರು ಬರೆದಿದ್ದಾರೆ. ಇಷ್ಟಾದರೂ ನನ್ನವರು ಮೊನ್ನೆ ಅತ್ತೆಗೆ, "ತಪ್ಪಾಯ್ತು ಅಂತ ಒಪ್ಕೊಂಡ್ಬಿಡ್ತೀನಮ್ಮಾ. ನಿನ್ನ ಕಾಲು ಸವೆಯೋದು ನೋಡೋಕಾಗಲ್ಲ" ಎಂದರು.

"ಮಾಡದ ತಪ್ಪು ಒಪ್ಕೊಂಡು ಮಕ್ಕಳಿಗೆ ಏನೋ ಕಲಿಸ್ತೀಯ?" ಎಂದರು ಅತ್ತೆ. "ಇಪ್ಪತ್ನಾಕು ವಯಸ್ಸಾದ್ರೆ ನಾನು ನಿನ್ನ ತಾಯಿ ಅಲ್ಲಾಂತಾಗುತ್ತಾ? ಸುಮ್ನಿರು."

ಸುಮ್ಮನಿರಲು ನನಗೆ ಆಗಲಿಲ್ಲ, ಈ ಕಾಗದ ಬರೆಯಲು ಕುಳಿತೆ.

ಬರುವ ಸೋಮವಾರ ವಿಚಾರಣೆ. ಅದಕ್ಕೆ ಮೊದಲು ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಿ. ಸೀರೆ ಹೋಯಿತು, ಅದನ್ನು ಕೇಳುವುದಿಲ್ಲ. ಹಣ್ಣು ಇಷ್ಟರಲ್ಲಿ ಕೊಳೆತಿರುತ್ತದೆ, ಅದೂ ಬೇಡ. ತಟ್ಟೆಯನ್ನು ಮಾತ್ರ ಕೊಟ್ಟು ಕಳುಹಿಸಿ. ಇದನ್ನು ಓದಿ ಹೇಳಿದಾಗ ಅತ್ತೆ ಸೇರಿಸಲು ಹೇಳಿದ ಮಾತು ಇಷ್ಟೇ: "ಕೇಸು ತೆಗೆದ ದಿನ ಅವರಿಗೆ ಮತ್ತೆ ವೀಳ್ಯ ಕೊಡ್ಬೇಕಲ್ಲ, ಯಾತರಲ್ಲಿ ಕೊಡ್ಲಿ ಅಂತ ಕೇಳು."

ಇಂತಿ,
ಉಡದ ಸೀರೆಯ ಹೊಸ ಸೊಸೆ,
ಮಲ್ಲಿಗಾ