ಕಿವಿ ಕೇಳದವನನ್ನು ಕೂಗಿ ಕರೆದವರಿಗೆ

ಗ್ರಾಹಕರ ದೂರು ವಿಚಾರಿಸುವ ವೇದಿಕೆಯ ಮಾನ್ಯ ಅಧ್ಯಕ್ಷರೇ,

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು, ಕ್ಷಮಿಸಿ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಈ ಪತ್ರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ, ಅವರು ತಿದ್ದಿ ಅಚ್ಚು ಹಾಕಿದರೆ ನಿಮಗೆ ಓದಲು ಸುಲಭವಾದೀತು. ವಿಷಯ ಇಷ್ಟೇ. ವೈದ್ಯರೊಬ್ಬರು ಕೊಟ್ಟ ತಪ್ಪು ಔಷಧದಿಂದ ನನ್ನ ಎರಡೂ ಕಿವಿ ಹೋದವು ಎಂದು ನಿಮ್ಮಲ್ಲಿ ದೂರು ಕೊಟ್ಟಿದ್ದೆ. ಹೋದ ತಿಂಗಳು ನಿಮ್ಮ ಜವಾನರು ಬಾಗಿಲಲ್ಲಿ ನಿಂತು ನನ್ನ ಹೆಸರನ್ನು ಮೂರು ಸಲ ಕೂಗಿದರಂತೆ. ನಾನು ಎದುರಿನ ಬೆಂಚಿನಲ್ಲೇ ಕೂತಿದ್ದೆ. ಅರ್ಜಿದಾರ ಗೈರುಹಾಜರು ಎಂದು ಬರೆದು ನನ್ನ ದೂರನ್ನು ವಜಾ ಮಾಡಿದಿರಿ.

ಜವಾನರ ಬಾಯಿ ತೆರೆದು ಮುಚ್ಚುವುದು ನನಗೆ ಕಾಣುತ್ತಿತ್ತು. ಪ್ರತಿ ಸಲ ಯಾರೋ ಎದ್ದು ಒಳಗೆ ಹೋಗುತ್ತಿದ್ದರು. ಒಂದು ಸಲ ಮಾತ್ರ ಯಾರೂ ಏಳಲಿಲ್ಲ. ಪಾಪ, ಯಾರೋ ಬಂದಿಲ್ಲ ಅಂದುಕೊಂಡೆ. ಮೊದಲೇ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಸ್ವಾಮಿ, ನನ್ನ ದೂರಿನ ಮೊದಲ ಸಾಲೇ ಅದಲ್ಲವೇ? ಅದನ್ನು ಓದಿಯೇ ನನ್ನನ್ನು ಕೂಗಿ ಕರೆಸಿದಿರೋ, ಓದದೆ ಕರೆಸಿದಿರೋ? ಎರಡರಲ್ಲಿ ಯಾವುದಾದರೂ ನಿಮ್ಮ ಕುರ್ಚಿಗೆ ಶೋಭೆಯೇ?

ನನ್ನ ಕಥೆ ನಿಮ್ಮ ಮುಂದೆ ಹೇಳಲಾಗಲಿಲ್ಲ. ಆದ್ದರಿಂದ ಎಲ್ಲರ ಮುಂದೆ ಹೇಳುತ್ತಿದ್ದೇನೆ. ನಾನು ರೋಣದ ಕಡೆಯವನು. ಬಿಟಿಎಂ ಲೇಔಟಿನ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ತೊಂಬತ್ತೆಂಟರ ಮಳೆಗಾಲದಲ್ಲಿ ಜ್ವರ, ಕೆಮ್ಮು ಬಿಡಲಿಲ್ಲ. ಜಯನಗರದ ಕಡೆ ಒಂದು ನರ್ಸಿಂಗ್ ಹೋಮಿಗೆ ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಟಿಬಿ" ಅಂದರು. ಕಫ ಪರೀಕ್ಷೆ ಮಾಡಿಸಲಿಲ್ಲ. ದಿನಾ ಒಂದು ಇಂಜೆಕ್ಷನ್ ಬರೆದರು.

ಕೆಲವು ವಾರ ಕಳೆಯುವಷ್ಟರಲ್ಲಿ ಕಿವಿಯಲ್ಲಿ ಕಿರ್ ಎನ್ನತೊಡಗಿತು. ನಡೆದರೆ ನೆಲ ವಾಲುತ್ತಿತ್ತು. ಸೂಜಿ ಚುಚ್ಚುವ ನರ್ಸಿಗೆ ಹೇಳಿದರೆ, "ಏನೋ ನಿಂಗರಾಜ, ಕಿವೀಲಿ ಜೀರುಂಡೆ ಸಾಕಿದೀಯಾ?" ಎಂದು ನಕ್ಕರು. ನಾನೂ ನಕ್ಕೆ. ದೊಡ್ಡವರ ಎದುರು ಬಾಯಿ ಬಿಡುವುದೇ ನನಗೆ ಕಷ್ಟ. ಆದರೂ ಧೈರ್ಯ ಮಾಡಿ ಡಾಕ್ಟರಿಗೆ ಹೇಳಿದೆ.

"ಎಷ್ಟು ಓದಿದೀಯಪ್ಪಾ?"

"ಐದನೇ ಕ್ಲಾಸ್ ಸಾರ್."

"ಹಾಗಾದ್ರೆ ಡಾಕ್ಟರಿಕೆ ನನಗೆ ಬಿಡು. ವೀಕ್‌ನೆಸ್ ಅಷ್ಟೆ. ಇಂಜೆಕ್ಷನ್ ನಿಲ್ಲಿಸಿದ್ರೆ ಸಾಯ್ತೀಯ ನೋಡು."

ಸಾಯುವುದಕ್ಕೆ ಹೆದರಿ ತೋಳು ಕೊಟ್ಟೆ. ಕೋರ್ಸ್ ಮುಗಿಯುವ ಹೊತ್ತಿಗೆ ಅವರ ಮಾತೂ ನನಗೆ ಕೇಳುತ್ತಿರಲಿಲ್ಲ. ಆಮೇಲೆ ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಹಳೆಯ ಎಕ್ಸ್‌ರೇ ನೋಡಿ, ಎಲ್ಲ ಪರೀಕ್ಷೆ ಮಾಡಿಸಿ, ಒಂದು ಚೀಟಿಯಲ್ಲಿ ಬರೆದು ತೋರಿಸಿದರು: ಇದು ಟಿಬಿ ಅಲ್ಲ, ನ್ಯುಮೋನಿಯಾ ಆಗಿತ್ತು. ಆ ಇಂಜೆಕ್ಷನ್ ಕಿವಿಯ ನರ ಕೆಡಿಸಿದೆ. ಕಿವಿ ಕಿರ್ ಎಂದ ದಿನವೇ ನಿಲ್ಲಿಸಬೇಕಿತ್ತು. ಇನ್ನು ವಾಪಸು ಬರುವುದಿಲ್ಲ.

ಹೋಟೆಲಿನಲ್ಲಿ ಬಾಯಲ್ಲೇ ಎಲ್ಲ ವ್ಯವಹಾರ. ಗಿರಾಕಿ ಹೇಳಿದ್ದನ್ನು ಅಡಿಗೆಮನೆಗೆ ಕೂಗಬೇಕು, ಅವರು ಕೂಗಿದಾಗ ಹೋಗಿ ತರಬೇಕು. ಸಾಂಬಾರ್ ಬೇರೆ ಎಂದವರಿಗೆ ವಡೆ ಮುಳುಗಿಸಿ ತಂದಿಟ್ಟೆ. ಸಕ್ಕರೆ ಬೇಡ ಎಂದ ಮುದುಕರಿಗೆ ಸಕ್ಕರೆ ಹಾಕಿದ ಕಾಫಿ ಕೊಟ್ಟೆ. ಮಾಲೀಕರು ಗುರುಶಾಂತಪ್ಪನವರು ಕೆಟ್ಟವರಲ್ಲ. ಬೈಯದೆ ನನ್ನನ್ನು ಹಿಂದಕ್ಕೆ ಕಳಿಸಿ ತಟ್ಟೆ ತೊಳೆಯಲು ಹಚ್ಚಿದರು. ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಹುಡುಗರೆಲ್ಲ ಅಕ್ಕಿ ಚೀಲಗಳ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ನಮ್ಮ ಕಡೆಯ ಮರೆಪ್ಪ ಮೊದಮೊದಲು ನನಗಾಗಿ ಎಲ್ಲವನ್ನೂ ಕೈಸನ್ನೆಯಲ್ಲಿ ಇನ್ನೊಮ್ಮೆ ಹೇಳುತ್ತಿದ್ದ. ಅವನಿಗಾದರೂ ಎಷ್ಟು ದಿನ ಸಾಧ್ಯ? ಈಗ ಅವರು ನಕ್ಕಾಗ ನಗುತ್ತೇನೆ. ಯಾತಕ್ಕೆ ನಕ್ಕೆ ಎಂದು ಯಾರನ್ನೂ ಕೇಳುವುದಿಲ್ಲ.

ಅಧ್ಯಕ್ಷರೇ, ದೂರು ವಜಾ ಆಯಿತೆಂದು ತಿಳಿದದ್ದೂ ಸಾಲುಬೆಂಚುಗಳೆಲ್ಲ ಖಾಲಿಯಾದ ಮೇಲೆ. ಜವಾನರು ಬಂದು ಭುಜ ತಟ್ಟಿ ಏನೋ ಕೇಳಿದರು. ನಾನು ಕಿವಿ ಮುಟ್ಟಿ ತೋರಿಸಿದೆ. ಅವರ ಮುಖ ಸಪ್ಪಗಾಯಿತು. ಆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತೋರಿಸಿದರು. ಆ ತಟ್ಟುವ ಕೈ ಬೆಳಿಗ್ಗೆಯೇ ಬಂದಿದ್ದರೆ ಸಾಕಿತ್ತು. ನಿಮ್ಮ ಕಾನೂನಿನಲ್ಲಿ ಭುಜ ತಟ್ಟಲು ಜಾಗವಿಲ್ಲವೇ? ಮೇಲಿನ ಆಯೋಗಕ್ಕೆ ಹೋಗು ಎಂದು ನಿಮ್ಮ ಕಚೇರಿಯವರು ಬರೆದುಕೊಟ್ಟಿದ್ದಾರೆ. ಹೋಗುತ್ತೇನೆ. ಅಲ್ಲಿಯೂ ಬಾಗಿಲಲ್ಲಿ ನಿಂತು ಕೂಗುವವರೇ ಇರುತ್ತಾರಲ್ಲವೇ?

ನನ್ನ ಬೇಡಿಕೆ ಇದು. ಆ ದಿನ ನಾನು ಬಂದಿದ್ದೆ ಎಂದು ನೀವೇ ಮೇಲಿನವರಿಗೆ ಬರೆಯಿರಿ, ನನ್ನ ದೂರು ಮತ್ತೆ ತೆರೆಯಲಿ. ಕಫ ಏಕೆ ನೋಡಲಿಲ್ಲ, ಹೇಳಿದರೂ ಸೂಜಿ ಏಕೆ ನಿಲ್ಲಿಸಲಿಲ್ಲ ಎಂದು ಆ ಡಾಕ್ಟರನ್ನು ನನ್ನೆದುರು ಕೇಳಿ. ಅವರ ಉತ್ತರವನ್ನು ನನಗೆ ಬರೆದು ಕೊಡಿ. ಓದಲು ನನಗೆ ಬರುತ್ತದೆ.

ಇವತ್ತು ಬೆಳಿಗ್ಗೆ ಎಸ್‌ಟಿಡಿ ಬೂತಿಗೆ ಹೋಗಿ ಊರಿನ ಕಿರಾಣಿ ಅಂಗಡಿಗೆ ಫೋನ್ ಹಚ್ಚಿದೆ. ವಾರಕ್ಕೊಮ್ಮೆ ಅವ್ವ ಅಲ್ಲಿಗೆ ಬಂದು ಕಾಯುತ್ತಾಳೆ. ಬೂತಿನಲ್ಲಿ ಬಿಲ್ಲು ಎಣಿಸುವ ಡಬ್ಬಿಯ ಮೇಲಿನ ಕೆಂಪು ಅಂಕಿ ಓಡತೊಡಗಿದರೆ ಆ ಕಡೆ ಎತ್ತಿದ್ದಾರೆಂದು ನನಗೆ ಗೊತ್ತಾಗುತ್ತದೆ. "ಯವ್ವಾ, ಅವತ್ತ ಕರದಿದ್ರಂತ, ನಂಗ ತಿಳೀಲಿಲ್ಲ. ಮತ್ತ ಕರೀತಾರ" ಎಂದು ಹೇಳಿದೆ. ಆಮೇಲೆ ಅವಳು ಮಾತಾಡಲಿ ಎಂದು, ಅಂಕಿ ನಿಲ್ಲುವವರೆಗೂ ರಿಸೀವರನ್ನು ಕಿವಿಗೆ ಹಿಡಿದುಕೊಂಡು ನಿಂತಿದ್ದೆ.

ಇಂತಿ,
ಆ ದಿನ ನಿಮ್ಮ ಬೆಂಚಿನ ಮೇಲೆ ಕೂತಿದ್ದವನು,
ನಿಂಗರಾಜ
ಬಿಟಿಎಂ ಲೇಔಟ್, ಬೆಂಗಳೂರು